ಷರಾ

ಹರಾಜು ಅಂದರೆ ಏರಬೇಕು ತಾನೆ?
ಇದು ಇಳಿಯುತ್ತಿತ್ತು.
ಹೊಸ ವರ್ಷದ ಆರಾಧನೆ ಮುಗಿದ ಮೇಲೆ
ಚರ್ಚಿನ ಮೆಟ್ಟಿಲ ಮೇಲೆ ಸಾಲಾಗಿ ನಿಲ್ಲಿಸಿ
ಕೂಗುತ್ತಿದ್ದರು ಊರಿನ ದಿಕ್ಕಿಲ್ಲದವರನ್ನು:
ಎಲ್ಲರಿಗಿಂತ ಕಡಿಮೆಗೆ ಯಾರು ಸಾಕುತ್ತೀರಿ, ಒಂದು ವರ್ಷ?
ಅರವತ್ತು ಮಾರ್ಕ್. ಐವತ್ತು. ನಲವತ್ತೆರಡು.
ನನ್ನ ಮುತ್ತಜ್ಜಿ ಸೆರಾಫೀನಾ, ಏಳು ವರ್ಷ,
ಸತ್ತ ಯಾರದೋ ಬೂಟಿನಲ್ಲಿ ಕಾಲು,
ಮೂವತ್ತೆಂಟಕ್ಕೆ ನಿಂತಳು.
ಕೂಗಿದವನು ಯ್ಲಿತಾಲೊ ಮನೆಯ ಇಸಾಕಿ,
ಕಂಕುಳಲ್ಲಿ ಕೀರ್ತನೆಯ ಪುಸ್ತಕ.

ಕೆಟ್ಟವರು ಅಂತಲ್ಲ.
ಆ ವರ್ಷ ತೆನೆ ಕಟ್ಟುವ ಮೊದಲೇ ಹಿಮ ಬಿದ್ದು
ರೈ ಹೊಲ ಕಪ್ಪಾಗಿತ್ತು ಇಡೀ ಫಿನ್ಲೆಂಡಿನಲ್ಲಿ.
ಪೈನ್ ತೊಗಟೆ ಅರೆದು ಹಿಟ್ಟಿಗೆ ಬೆರೆಸಿದ ಕೈಗಳು ಅವು;
ಒಳಗೆ ಪ್ರಾರ್ಥನೆಗೆ ಮುಗಿದವೂ ಅವೇ,
ಹೊರಗೆ ಬಂದು ಬೆಲೆ ಇಳಿಸಿದವೂ ಅವೇ.

ಪಾದ್ರಿಯ ಹತ್ತಿರ ಒಂದು ದಪ್ಪ ಪುಸ್ತಕ.
ಮನೆಗೊಂದು ಪುಟ, ತಲೆಗೊಂದು ಸಾಲು:
ಹುಟ್ಟಿದ್ದು, ಸಿಡುಬು ಬಂದದ್ದು,
ಓದಲು ಬರುತ್ತದೋ, ಓದಿದ್ದು ತಿಳಿಯುತ್ತದೋ,
ಕೊನೆಗೆ, ಷರಾ.
ಚಳಿಗಾಲದ ಪರೀಕ್ಷೆಯಲ್ಲಿ ಅವಳನ್ನು ಕೇಳಿದರಂತೆ:
ದಿನದ ರೊಟ್ಟಿ ಅಂದರೇನು, ಹುಡುಗಿ?
ಎಲ್ಲರೂ ಎದ್ದು ಹೋದ ಮೇಲೆ ಮೇಜಿನಲ್ಲಿ ಉಳಿಯುವುದು, ಅಂದಳು.
ಓದಿಗೆ ಪೂರ್ತಿ ಶಿಲುಬೆಯ ಗುರುತು.
ತಿಳಿವಿಗೆ ಅರ್ಧ.

ಆ ಸಾಲುಗಳೇ ತೆರಿಗೆಯ ಪಟ್ಟಿಯಾದವು,
ಆಮೇಲೆ ಪಿಂಚಣಿಯ ಪಟ್ಟಿ, ಬಾಣಂತಿಯರ ಪಟ್ಟಿ.
ಒಂದು ತಲೆಯೂ ತಪ್ಪಲಿಲ್ಲ.
ದೇವರು ಮಾತ್ರ ಎಲ್ಲೋ ನಡುವೆ ಸವೆದುಹೋದ,
ಹಳೆಯ ನಾಣ್ಯದ ಮುಖದ ಹಾಗೆ.
ಈಗ ಆ ಪಟ್ಟಿಯ ಮುಂದೆ ನಾನು,
ಪಾದ್ರಿಮನೆಯ ಕೆಳಗಿನ ಕಚೇರಿ, ಎರಡನೇ ಕೌಂಟರ್.

ನಾನು ಚರ್ಚು ಬಿಟ್ಟವಳು. ಒಂದು ಫಾರ್ಮು, ಎರಡು ನಿಮಿಷ;
ಯಾರೂ ಕಾರಣ ಕೇಳಲಿಲ್ಲ.
ಆದರೂ ಇಲ್ಲಿ ಒಂದು ದಿನ ಕೂತು ನೋಡಿ:
ಟೋಕನ್ ಹಿಡಿದು ಬಂದವರು
ಮೊದಲ ಸಾಲಿನ ಕುರ್ಚಿಗಳನ್ನು ಖಾಲಿ ಬಿಡುತ್ತಾರೆ.
ಪಿಸುಮಾತೂ ಇಲ್ಲ. ಗಾಜಿನ ಹತ್ತಿರ ಬಂದು ಟೋಪಿ ತೆಗೆಯುತ್ತಾರೆ.
ಕೇಳುವುದು ಹಕ್ಕಿನ ದುಡ್ಡು,
ದನಿ ಮಾತ್ರ ಪಾಪ ಒಪ್ಪಿಕೊಳ್ಳುವವರದ್ದು.

ಮಂಗಳವಾರ ತೌನೊ ಬಂದಿದ್ದ, ಎಂಬತ್ತೊಂದು.
ಮಗಳ ಬಲವಂತಕ್ಕೆ ಬಂದದ್ದು.
ಕಿಟಕಿ ಒಡೆದಿದೆ, ಒಲೆ ಹೊಗೆ ಕಾರುತ್ತದೆ,
ಸೌದೆ ಸೀಳಲು ಹೆಗಲು ಏಳುವುದಿಲ್ಲ.
ದುಡಿದು ತಿಂದವನು ನಾನು, ಅಂದ.
ಇದನ್ನು ಕೊಡುತ್ತಿರುವವರು ಯಾರು, ಅಂದ.
ಯಾರೂ ಅಲ್ಲ, ಅಂದೆ.
ಬಾಯಿ ತಪ್ಪಿ ಬಂದ ಮಾತು. ಆದರೆ ನಿಜ.
ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದು ಒಳಗೆ ಬೋಧಿಸಿ
ಮೆಟ್ಟಿಲ ಮೇಲೆ ಊರಿಗೆಲ್ಲ ಸಾರುತ್ತಿದ್ದರು.
ನಂಬಿಕೆಯೇ ಇಲ್ಲದ ಈ ಯಂತ್ರ ಅದನ್ನು ಪಾಲಿಸಿತು ನೋಡಿ:
ಕೈಯೇ ಇಲ್ಲ ಇದಕ್ಕೆ.
ನಾಲ್ಕನೇ ತಾರೀಖು, ನಸುಕಿನಲ್ಲಿ,
ಹಿಮ ಬಿದ್ದ ಹಾಗೆ ಖಾತೆಗೆ ಬೀಳುತ್ತದೆ.
ದೇವರು ಕೊಟ್ಟರೂ ಪೂಜಾರಿ ಕೊಡದ ಲೋಕದಲ್ಲಿ
ಕೊಟ್ಟವರ ಮುಖ ನೋಡದೆ ಉಣ್ಣುವುದು
ಸಣ್ಣ ವರವಲ್ಲ.

ತೌನೊ ರುಜು ಹಾಕಲಿಲ್ಲ.
ಯೋಚಿಸುತ್ತೇನೆ ಎಂದು ಟೋಪಿ ಎತ್ತಿಕೊಂಡ.

ಸಂಜೆ ರೇಡಿಯೊದಲ್ಲಿ ಯಾರೋ ಮಂತ್ರಿ ಓದುತ್ತಿದ್ದ:
ಬಾಡಿಗೆಯ ನೆರವಿನಲ್ಲಿ ಶೇಕಡಾ ಐದು ಕಡಿತ.
ಎಂಟಾದರೂ ಆಗಬಹುದು, ಇನ್ನೊಬ್ಬ ಅಂದ.
ಹತ್ತು, ಮತ್ತೊಬ್ಬ.
ಆಲೂಗಡ್ಡೆ ಸುಲಿಯುತ್ತಿದ್ದ ನನ್ನ ಕೈ ನಿಂತಿತು.
ಮೂವತ್ತೆಂಟು, ಮೂವತ್ತೆಂಟು,
ಇನ್ನೂ ಕಡಿಮೆಗೆ ಯಾರಾದರೂ?

ಬೆಳಗ್ಗೆ ಅವನ ಅರ್ಜಿ ಪರದೆಯ ಮೇಲೆ ಹಾಗೇ ಇತ್ತು.
ಷರಾ ತುಂಬದೆ ಕಂಪ್ಯೂಟರು ಮುಂದೆ ಹೋಗುವುದಿಲ್ಲ.
'ಅರ್ಜಿದಾರರು ನಿರಾಕರಿಸಿದ್ದಾರೆ' ಎಂದು ಬರೆದೆ, ಅಳಿಸಿದೆ.
'ತಮ್ಮ ಹಕ್ಕು ಅವರಿಗೆ ತಿಳಿದಿಲ್ಲ' ಎಂದು ಬರೆದೆ.
ಪಾದ್ರಿಯ ಅರ್ಧ ಶಿಲುಬೆ ನೆನಪಾಗಿ ಅದನ್ನೂ ಅಳಿಸಿದೆ.
ಹೊರಗೆ ಯಾರೋ ಮೆಟ್ಟಿಲ ಹಿಮ ಗುಡಿಸುತ್ತಿದ್ದರು.
ಬಹಳ ಹೊತ್ತಿನ ಮೇಲೆ ಬರೆದೆ:
ಮನೆ ತಣ್ಣಗಿದೆ.